ಅರಿಶಿನ ಹಚ್ಚಿದ ಅಕ್ಷರ

“ಕರ್ಟನ್ ಎಳೀರಮ್ಮ. ಪೂರ್ತಿ ಕತ್ತಲೆ ಆಗ್ಬೇಕು.”

ಹಂಸಾ ಕದಲಲಿಲ್ಲ. ನನ್ನ ಕೈಯಲ್ಲಿದ್ದ ಟಾರ್ಚನ್ನೇ ನೋಡುತ್ತ ನಿಂತಳು.

“ಹಾಡುಹಗಲಲ್ಲಿ ಕತ್ತಲೆ ಯಾಕೆ ಡಾಕ್ಟ್ರೇ? ಇನ್ನೇನು ಪೇಂಟಿಂಗ್ ಕ್ಲಾಸಿಗೆ ಮಕ್ಕಳು ಬರ್ತಾರೆ.”

“ಅಷ್ಟರಲ್ಲಿ ಮುಗಿಯತ್ತೆ. ನೀವು ಎಳೀತೀರೋ, ನಾನೇ ಎಳೀಲೋ?”

ಕೊನೆಗೆ ಎಳೆದದ್ದು ನನ್ನ ಜತೆ ಬಂದಿದ್ದ ಲವೀನಾ. ಒಂದೇ ಸಲಕ್ಕೆ ಬರ್ರೆಂದು ಎಳೆದು, ಗೋಡೆಗೆ ಒರಗಿ ಕೈಕಟ್ಟಿ ನಿಂತಳು. ನೈರೋಬಿಯ ಪಂಗಾನಿಯಲ್ಲಿದ್ದ ಆ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಕೆಳಗಿನ ಮಟಾಟು ವ್ಯಾನುಗಳ ಹಾರ್ನ್ ಮಾತ್ರ ಉಳಿಯಿತು. ಗೋಡೆಯ ತುಂಬ ಇದ್ದ ಮೈಸೂರು ಶೈಲಿಯ ಸರಸ್ವತಿ, ರಾಜರಾಜೇಶ್ವರಿ, ಶ್ರೀರಾಮ ಪಟ್ಟಾಭಿಷೇಕ ಎಲ್ಲವೂ ಮುಳುಗಿಹೋದವು.

ನಾನು ಪತ್ತೇದಾರನಲ್ಲ. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಹಲ್ಲಿನ ಡಾಕ್ಟರು, ಹೆಸರು ಚಿದಾನಂದ. ನೈರೋಬಿಯ ಕನ್ನಡದವರಲ್ಲಿ ಅರ್ಧ ಜನರ ಬಾಯಿ ನೋಡಿದವನು. ಮುಖ ಮರೆಯುತ್ತೇನೆ, ಹೆಸರು ಮರೆಯುತ್ತೇನೆ, ಹಲ್ಲು ಮಾತ್ರ ಮರೆಯುವುದಿಲ್ಲ. ಲವೀನಾಳ ತಮ್ಮ ರಾಯ್ಸ್ಟನ್ ಎಂದರೆ ನನಗೆ ಎಡಗಡೆಯ ಮೇಲಿನ ಕೋರೆಹಲ್ಲು. ಹಳೆಯ ಪುಸ್ತಕ ಹೊಲಿದು ರಟ್ಟು ಕಟ್ಟುವ ಹುಡುಗ, ದಾರವನ್ನು ಹಲ್ಲಿನಲ್ಲೇ ಕಡಿಯುತ್ತಿದ್ದ. ಕಡಿದೂ ಕಡಿದೂ ಹಲ್ಲಿನ ಅಂಚಿಗೆ ಕಚ್ಚು ಬಿದ್ದಿತ್ತು. “ಕತ್ತರಿ ಅಂತ ಒಂದು ವಸ್ತು ಇದೆಯಲ್ಲಯ್ಯಾ,” ಎಂದು ಬೈದು ತುಂಬಿಸಿ ಕಳಿಸಿದರೆ, ವರ್ಷ ತುಂಬುವುದರೊಳಗೆ ಅದನ್ನೂ ಕಡಿದುಕೊಂಡು ಬಂದು ನನ್ನೆದುರು ನಗುತ್ತ ನಿಂತಿದ್ದ. ಮತ್ತೆ ತುಂಬಿಸಿದೆ.

ಆ ಹುಡುಗ ಈಸ್ಟರ್ ರಜೆ ಮುಗಿದ ಮರುದಿನ ಕೆಲಸಕ್ಕೆಂದು ಹೋದವನು ಮನೆಗೆ ಬಂದಿಲ್ಲ. ಅವನು ರಿಪೇರಿ ಮಾಡುತ್ತಿದ್ದ ಇಟಲಿಯ ಹಾಡಿನ ಪುಸ್ತಕದಲ್ಲಿ ಮೂರು ಅಕ್ಷರಗಳು ಕಳುವಾಗಿವೆ. ಅವನು ಕೆಲಸ ಮಾಡುತ್ತಿದ್ದ ಪಾರ್ಕ್‌ಲ್ಯಾಂಡ್ಸ್‌ನ ಖಾಸಗಿ ಲೈಬ್ರರಿಯ ಕಾರ್ಯದರ್ಶಿ ಸೂರ್ಯನಾರಾಯಣ ಪೊಲೀಸರಿಗೆ ಅವನ ಹೆಸರನ್ನೇ ಕೊಟ್ಟು ಕೈತೊಳೆದುಕೊಂಡಿದ್ದಾರೆ.

ಅಕ್ಷರ ಎಂದರೆ ನಾವು ನೀವು ಗೀಚುವಂಥದ್ದಲ್ಲ. ಏಳು ನೂರು ವರ್ಷಗಳ ಹಿಂದೆ ಯಾವುದೋ ಮಠದಲ್ಲಿ ಮೇಕೆಯ ಚರ್ಮದ ಮೇಲೆ ಬರೆದದ್ದು. ಸುತ್ತ ನಿಂತ ಹಾಡುಗಾರರಿಗೆಲ್ಲ ಕಾಣಲಿ ಎಂದು ಪುಟವೇ ಕಿಟಕಿಯಷ್ಟು ಅಗಲ. ಹಬ್ಬದ ಹಾಡಿನ ಮೊದಲ ಅಕ್ಷರ ನನ್ನ ಅಂಗೈಯಗಲ, ಅದರ ಹೊಟ್ಟೆಯೊಳಗೇ ಚಿತ್ರ. ‘ಎ’ ಅಕ್ಷರದಲ್ಲಿ ರಾಜನೊಬ್ಬ ತನ್ನ ಆತ್ಮವನ್ನು ಪುಟ್ಟ ಕೂಸಿನ ಹಾಗೆ ಎತ್ತಿ ದೇವರಿಗೆ ಒಪ್ಪಿಸುತ್ತಾನೆ. ‘ಪಿ’ ಅಕ್ಷರದಲ್ಲಿ ಕೊಟ್ಟಿಗೆಯ ಬಾಲಯೇಸು. ‘ಆರ್’ ಈಸ್ಟರಿನದು: ಸತ್ತವನು ಸಮಾಧಿಯಿಂದ ಎದ್ದು ಬರುತ್ತಿದ್ದಾನೆ, ಕೆಳಗೆ ಕಾವಲುಗಾರರು ನಿದ್ದೆ ಹೋಗಿದ್ದಾರೆ.

ಇಂಥವನ್ನು ಬ್ಲೇಡಿನಲ್ಲಿ ಕೊಯ್ದು ಚೌಕಟ್ಟು ಹಾಕಿಸಿ ಮಾರುವುದು ಯೂರೋಪಿನ ಹಳೆಯ ಚಟ. ನಮ್ಮ ಕಳ್ಳ ಅದಕ್ಕಿಂತ ಒಂದು ಕೈ ಮೇಲೆ. ಕೊಯ್ದ ಕಿಂಡಿಗೆ ಹೊಸ ಚರ್ಮದ ಮೇಲೆ ಅದೇ ಅಕ್ಷರ ಬರೆಸಿ, ಬೆನ್ನಿನ ಮೇಲಿದ್ದ ಸ್ವರದ ಗೆರೆಗಳನ್ನೂ ನಕಲು ಮಾಡಿಸಿ ಅಂಟಿಸಿದ್ದ. ಯಾರೋ ವಿದ್ವಾಂಸರು ಬಂದು ಪುಟ ತಿರುವುವವರೆಗೆ ಲೈಬ್ರರಿಗೇ ಗೊತ್ತಾಗಿರಲಿಲ್ಲ.

ನಾನು ಟಾರ್ಚ್ ಹಚ್ಚಿದೆ. ನೇರಳೆ ಬೆಳಕು.

“ಇದು ನನ್ನ ಕ್ಲಿನಿಕ್ಕಿಂದು ಹಂಸಾ. ಹಲ್ಲು ಯಾವುದು, ತುಂಬಿಸಿದ್ದು ಯಾವುದು ಅಂತ ಬರಿಗಣ್ಣಿಗೆ ಗೊತ್ತಾಗಲ್ಲ. ಈ ಬೆಳಕಲ್ಲಿ ಹಲ್ಲು ಒಂಥರಾ ಹೊಳೆಯತ್ತೆ, ಫಿಲ್ಲಿಂಗ್ ಇನ್ನೊಂಥರಾ. ನಿನ್ನೆ ಲೈಬ್ರರಿಯಲ್ಲಿ ಇದನ್ನೇ ಆ ನಕಲಿ ‘ಆರ್’ ಮೇಲೆ ಬಿಟ್ಟೆ. ಮೂಲೆಯಲ್ಲಿ ಒಂದು ಬೊಟ್ಟು ಹಳದಿ ಹಸಿರಾಗಿ ಉರೀತು.”

ಸರಸ್ವತಿಯ ಚಿತ್ರದ ಕೆಳಮೂಲೆಗೆ ಬೆಳಕು ಬಿಟ್ಟೆ. ಅಲ್ಲೂ ಅದೇ ಬೊಟ್ಟು. ರಾಜರಾಜೇಶ್ವರಿಯ ಮೂಲೆಯಲ್ಲೂ ಅದೇ. ಪಟ್ಟಾಭಿಷೇಕದಲ್ಲೂ, ಮೇಜಿನ ಮೇಲೆ ಅರ್ಧಕ್ಕೆ ನಿಂತ ಗಣಪತಿಯಲ್ಲೂ ಬೆರಳಗಲದ ಹಳದಿ.

“ಇದೆಂತ ಅಂಕಲ್?” ಲವೀನಾ ಕೇಳಿದಳು.

“ಅರಿಶಿನ ಕಣಮ್ಮ.”

ನನ್ನ ಹೆಂಡತಿ ಇದ್ದಾಗ ಹೊಸ ಸೀರೆಯ ಸೆರಗಿನ ಮೂಲೆಗೆ ಅರಿಶಿನ ಮುಟ್ಟಿಸದೆ ಉಟ್ಟವಳಲ್ಲ. ಹೊಸ ಫ್ರಿಜ್ ಬಂದಾಗ ಅದಕ್ಕೂ ಹಚ್ಚಿದ್ದಳು, ನಾನು ನಕ್ಕಿದ್ದೆ. ನಿನ್ನೆ ಆ ಬೊಟ್ಟು ಕಂಡಾಗ ಮೊದಲು ನೆನಪಾದದ್ದು ಅವಳು. ಆಮೇಲೆ, ಚಿನ್ನದ ಕೆಲಸ ಬಲ್ಲ, ಅರಿಶಿನ ಮುಟ್ಟಿಸದೆ ಕುಂಚ ಹಿಡಿಯದ ಹೆಂಗಸು ಈ ಊರಿನಲ್ಲಿ ಎಷ್ಟು ಜನ ಇದ್ದಾರು ಎಂದು ಯೋಚಿಸಿದೆ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪ್ರದರ್ಶನ ಇಟ್ಟಿದ್ದವಳು ಒಬ್ಬಳೇ. ಇಟಲಿಯವರು ಚಿನ್ನದ ರೇಕಿನ ಕೆಳಗೆ ಕೆಂಪು ಜೇಡಿ ಕೊಡುತ್ತಿದ್ದರಂತೆ. ಈ ನಕಲಿಯಲ್ಲಿ ಚಿನ್ನ ಎದ್ದ ಕಡೆ ಕಂಡದ್ದು ನಮ್ಮ ಮೈಸೂರು ಚಿತ್ರಗಳಲ್ಲಿ ಹಾಕುವ ಹಳದಿ ಗೋಂದಿನ ಮೆತ್ತು. ಸಾಲದ್ದಕ್ಕೆ ನಿದ್ದೆ ಹೋದ ಆ ಕಾವಲುಗಾರನ ಕೊರಳಿಗೆ ಉಬ್ಬು ಚುಕ್ಕಿಗಳ ಸರ. ಚಾಮುಂಡಿಗೆ ಹಾಕುವ ಒಡವೆ! ಹುಟ್ಟುಗುಣ ಸುಟ್ಟರೂ ಹೋಗದು.

ಹಂಸಾ ಗಣಪತಿಯ ಮೂಲೆಯ ಬೊಟ್ಟನ್ನು ಬೆರಳಿನಿಂದ ಉಜ್ಜಿ ನೋಡಿದಳು.

“ಒರೆಸಿದ್ದೆ,” ಅಂದಳು. “ಒದ್ದೆ ಹತ್ತಿಯಲ್ಲಿ ಪೂರ್ತಿ ಒರೆಸಿದ್ದೆ.”

“ಕಣ್ಣಿಗೆ ಹೋದ ಹಾಗೆ ಕಾಣತ್ತೆ. ಚರ್ಮಕ್ಕೆ ಇಳಿದದ್ದು ಹೋಗಲ್ಲ.”

ಲವೀನಾ ಗೋಡೆ ಬಿಟ್ಟು ಮುಂದೆ ಬಂದಳು. ಅವಳ ಧ್ವನಿ ಇಷ್ಟು ಗಟ್ಟಿಯಾದದ್ದನ್ನು ನಾನು ಕೇಳಿರಲಿಲ್ಲ.

“ನೀವು ಮಾಡಿದ ಕೆಲಸಕ್ಕೆ ನನ್ನ ತಮ್ಮನನ್ನು ಕಳ್ಳ ಅಂತ ಹುಡುಕ್ತಾ ಇದ್ದಾರೆ, ಗೊತ್ತುಂಟಾ? ಚರ್ಚಿನಲ್ಲಿ ನನ್ನ ಪಕ್ಕ ಯಾರೂ ಕೂತುಕೊಳ್ಳುದಿಲ್ಲ. ಅವ ಒಂದು ಹಾಳೆ ಹರಿದ್ರೆ ಅಳುವ ಹುಡುಗ ಮಾರಾಯ್ರೆ. ಅವ ಬ್ಲೇಡು ಹಾಕ್ತಾನಾ?”

“ಅಯ್ಯೋ, ನನ್ಗೆ ಕಳ್ಳತನ ಅಂತ ಗೊತ್ತಿರ್ಲಿಲ್ಲ ರೀ! ಅಸಲಿಯನ್ನ ರಿಪೇರಿಗೆ ಇಟಲಿಗೆ ಕಳಿಸ್ತಿದೀವಿ, ಅಲ್ಲಿವರ್ಗೂ ಜಾಗ ಖಾಲಿ ಕಾಣಬಾರ್ದು ಅಂದ್ರು. ದೊಡ್ಡ ಫೋಟೋ ಕೊಟ್ರು. ಡ್ರಮ್ ಕಟ್ಟೋರ ಹತ್ರ ಮೇಕೆ ಚರ್ಮ ಅವ್ರೇ ತಂದ್ಕೊಟ್ರು. ಲೈಬ್ರರಿಯವ್ರ ಕೆಲ್ಸ ಅಂತ್ಲೇ ಮಾಡ್ದೆ.”

“ಯಾರು ಅಂದ್ರು?”

“ಪ್ರಶಾಂತ್ ಅಂತ. ಲೈಬ್ರರಿ ಕಡೆಯವ್ರು.”

ಲೈಬ್ರರಿಯಲ್ಲಿ ಪ್ರಶಾಂತ್ ಎಂಬ ನರಪಿಳ್ಳೆಯೂ ಇಲ್ಲ. ಫೋನಿನಲ್ಲಿ ಸೂರ್ಯನಾರಾಯಣರ ಫೋಟೋ ತೆಗೆದು ಅವಳ ಮುಖದ ಮುಂದೆ ಹಿಡಿದೆ. ಆ ಮನುಷ್ಯನಿಗೆ ನಾನು ಮನಸ್ಸಿನಲ್ಲಿ ಎಂದೋ ಬೇಡಿ ಹಾಕಿಯಾಗಿತ್ತು. ರಾಯ್ಸ್ಟನ್ ಬಿಟ್ಟರೆ ಬೀಗದ ಕೈ ಇದ್ದದ್ದು ಅವರಲ್ಲಿ ಮಾತ್ರ, ಮೊದಲು ಬೆರಳು ತೋರಿಸಿದವರೂ ಅವರೇ. ಈಸ್ಟರ್ ದಿನ ಊಟದ ಮೇಜಿನಲ್ಲಿ ರಾಯ್ಸ್ಟನ್ ಆಡಿದ ಮಾತನ್ನು ಲವೀನಾ ನನಗೆ ಹೇಳಿದ್ದಳು: “ಎರಡು ಅಕ್ಷರದಲ್ಲಿ ಚಿನ್ನ ಮಂಕಾಗಿದೆ, ರಜೆ ಮುಗಿದ ಕೂಡಲೇ ಸೂರ್ಯನಾರಾಯಣರಿಗೆ ಹೇಳ್ತೇನೆ.” ಹೇಳಲು ಹೋದವನು ಮಾಯವಾದ. ನನಗೆ ಇನ್ನೇನು ಬೇಕಿತ್ತು?

“ಇವರಲ್ಲ,” ಅಂದಳು ಹಂಸಾ. “ಇವರಿಗೆ ವಯಸ್ಸಾಗಿದೆ. ಅವ್ರು ಇನ್ನೂ ಸಣ್ಣ ಪ್ರಾಯ. ನೋಡಕ್ಕೂ ಚೆನ್ನಾಗಿದಾರೆ, ತುಂಬಾ ಮರ್ಯಾದಸ್ಥರು.”

ನನಗೆ ಮುಖಭಂಗವಾಯಿತು. ಸುಳ್ಳೇಕೆ ಹೇಳಲಿ, ಅವಳು ಇವರೇ ಎನ್ನಲಿ ಎಂದು ನಾನು ಕಾದಿದ್ದೆ.

ಲವೀನಾ ಕುರ್ಚಿಯಲ್ಲಿ ಕುಸಿದಳು. “ಹಾಗಾದ್ರೆ ರಾಯ್ಸ್ಟನ್ ಆ ಪ್ರಶಾಂತನಿಗೆ ಹೆದರಿ ಅಡಗಿ ಕೂತಿದ್ದಾನೆ ಅಂಕಲ್. ಅದಕ್ಕೇ ಫೋನ್ ಎತ್ತುದಿಲ್ಲ, ಬರೀ ಮೆಸೇಜ್ ಮಾಡುದು.”

ಆ ಮೆಸೇಜುಗಳ ಮೇಲೇ ಅವಳ ಜೀವ ನಿಂತಿತ್ತು. ನಾಲ್ಕಾರು ದಿನಕ್ಕೊಮ್ಮೆ ರಾಯ್ಸ್ಟನ್‌ನ ನಂಬರಿನಿಂದ ಒಂದು ಸಾಲು ಬರುತ್ತಿತ್ತು. ಕ್ಷೇಮವಾಗಿದ್ದೇನೆ, ಹುಡುಕಬೇಡ. ಅದನ್ನು ಅವಳು ಎಲ್ಲರಿಗೂ ತೋರಿಸುತ್ತಿದ್ದಳು, ಗಂಡ ನಿಖಿಲ್‌ಗೆ ದಿನಕ್ಕೆ ಹತ್ತು ಸಲ. ಪಾಪ, ನಿಖಿಲ್, ಎಂಬಕಸಿಯ ವಿಮಾನ ನಿಲ್ದಾಣದ ಕಾರ್ಗೋ ಕೆಲಸಕ್ಕೆ ರಜೆ ಹಾಕಿ ನಮ್ಮಿಬ್ಬರನ್ನೂ ಊರೆಲ್ಲ ಸುತ್ತಿಸುತ್ತಿದ್ದ. ಇವತ್ತೂ ಅವನೇ ಕರೆತಂದದ್ದು. ಪಂಗಾನಿ ಎಂದಷ್ಟೇ ಹೇಳಿದ್ದೆ, ಬಿಲ್ಡಿಂಗ್ ತೋರಿಸಿದ್ದು ಬಂದ ಮೇಲೆ. ಅವನು ತಲೆಯೆತ್ತಿ ಒಮ್ಮೆ ನೋಡಿ, “ಇಲ್ಲಿ ಪಾರ್ಕಿಂಗ್ ಸರಿ ಇಲ್ಲ ಅಂಕಲ್, ನಾನು ಕಾರಿನ ಹತ್ರವೇ ಇರ್ತೇನೆ,” ಎಂದು ಕೆಳಗೇ ಉಳಿದ. ಲಿಫ್ಟ್ ಕೆಟ್ಟಿತ್ತು, ಮಂಡಿನೋವಿನ ನಾನು ಅವನ ಪ್ರಾಯವನ್ನು ಶಪಿಸುತ್ತ ಮೆಟ್ಟಿಲು ಹತ್ತಿದ್ದೆ. ಅವನ ಬಾಯಲ್ಲಿ ಒಂದೂ ಹುಳುಕಿಲ್ಲ. ಎಲ್ಲರೂ ಅವನ ಹಾಗಿದ್ದರೆ ನನ್ನ ಕ್ಲಿನಿಕ್ ಮುಚ್ಚಬೇಕಾಗುತ್ತದೆ.

“ಮಾಡಿದ್ದನ್ನೆಲ್ಲ ತೋರಿಸ್ತೀನಿ,” ಎಂದು ಹಂಸಾ ಒಳಗಿನಿಂದ ಒಂದು ತಟ್ಟೆ ತಂದು ಮೇಜಿನ ಮೇಲಿಟ್ಟಳು. ತಟ್ಟೆಯ ಕುಂಚಗಳಲ್ಲಿ ಒಂದು ಉರುಳಿತು, ಎತ್ತಲು ಹೋಗಿ ಎರಡು ಸಲ ಬೀಳಿಸಿದಳು. ಲವೀನಾ ಅವಳನ್ನು ನೋಡಿದಳು. ಬೈಯಲು ಬಂದವಳಿಗೆ ಕನಿಕರ ಬಂತೆಂದು ಕಾಣುತ್ತದೆ.

“ಕೂತ್ಕೊಳ್ಳಿ, ನೀರು ತರ್ತೇನೆ,” ಎಂದು ಅಡಿಗೆಮನೆಗೆ ಹೋದಳು.

ಟಾರ್ಚ್ ನನ್ನ ಕೈಯಲ್ಲಿ ಹಾಗೇ ಉರಿಯುತ್ತಿತ್ತು. ತಟ್ಟೆಯಲ್ಲಿ ಬಿಳಿ ಪುಡಿ, ಹಳದಿ ಗೋಂದಿನ ಉಂಡೆ, ಚಿನ್ನದ ರೇಕಿನ ಚೂರು, ಉಜ್ಜುವ ಕಲ್ಲು.

“ಮೊದಲ ಎರಡು ಅಕ್ಷರ ಈ ಕಲ್ಲಲ್ಲೇ ಉಜ್ಜಿದ್ದು ಡಾಕ್ಟ್ರೇ. ನಮ್ಮ ಪದ್ಧತಿ ಹಾಗೆ, ಚಿನ್ನ ತಣ್ಣಗೆ ಹೊಳೀಬೇಕು. ಆದ್ರೆ ಅವರ ಫೋಟೋದಲ್ಲಿ ಚಿನ್ನ ಕನ್ನಡಿ ಥರ ಇತ್ತು. ಯೂಟ್ಯೂಬಲ್ಲಿ ನೋಡ್ದೆ, ಇಟಲಿಯವ್ರು ನಾಯಿಯ ಕೋರೆಹಲ್ಲಿಗೆ ಹಿಡಿ ಹಾಕಿ ಅದರಲ್ಲಿ ಉಜ್ತಿದ್ರಂತೆ. ನೈರೋಬಿಯಲ್ಲಿ ನಾಯಿ ಹಲ್ಲು ಎಲ್ಲಿ ಹುಡುಕ್ಲಿ, ನೀವೇ ತಂದ್ಕೊಡಿ ಅಂತ ಪ್ರಶಾಂತ್‌ಗೆ ನಾನೇ ಕೇಳ್ದೆ. ತಂದ್ಕೊಟ್ರು. ‘ಆರ್’ ಉಜ್ಜಿದ್ದು ಅದ್ರಲ್ಲೇ. ಎಷ್ಟು ಚೆನ್ನಾಗಿ ಬಂತು ಗೊತ್ತಾ?”

ಭಯದ ನಡುವೆಯೂ ಕಸುಬಿನ ಹೆಮ್ಮೆ ಇಣುಕಿತು. ಅವಳು ಕುಂಚಗಳ ಕೆಳಗಿಂದ ಒಂದು ಮರದ ಹಿಡಿ ಎಳೆದಳು. ತುದಿಗೆ ಹಿತ್ತಾಳೆಯ ಕಟ್ಟು, ಕಟ್ಟಿನಿಂದ ಹೊರಗೆ ಒಂದು ಹಲ್ಲು.

“ಚಳಿ ಇದ್ದಾಗ ಕೆನ್ನೆಗೆ ಒತ್ತಿ ಬೆಚ್ಚಗೆ ಮಾಡ್ಕೊಂಡು ಉಜ್ಜಬೇಕು,” ಅಂದಳು. ಹಾಗಂದು ಅದನ್ನು ನನ್ನ ಬೆಳಕಿನೊಳಗೆ ಹಿಡಿದಳು.

ಹಲ್ಲು ನೀಲಿ ಬಿಳುಪಾಗಿ ಹೊಳೆಯಿತು. ಎಲ್ಲ ಹಲ್ಲೂ ಹಾಗೇ ಹೊಳೆಯುತ್ತದೆ, ನಾಯಿಯದಾದರೂ, ನಮ್ಮದಾದರೂ. ಆದರೆ ಇದರ ಅಂಚಿನಲ್ಲಿ ಅರ್ಧಚಂದ್ರದಷ್ಟು ಜಾಗ ಉಳಿದದ್ದಕ್ಕಿಂತ ಬೆಳ್ಳಗೆ ಉರಿಯುತ್ತಿತ್ತು.

ನಾಯಿಗೆ ಯಾರೂ ಫಿಲ್ಲಿಂಗ್ ಮಾಡಿಸುವುದಿಲ್ಲ.

ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡೆ. ತಿರುಗಿಸಿದೆ. ಎಡಗಡೆಯದು, ಮೇಲಿನದು. ತುಂಬಿಸಿದ ಜಾಗದ ಹಿಂದೆ ಒಂದು ಸಣ್ಣ ಏಣು ಉಳಿದಿತ್ತು. ಆ ದಿನ ಕರೆಂಟು ಹೋಗಿ, ಪಾಲಿಶ್ ಮಾಡುವುದು ಅಷ್ಟಕ್ಕೇ ನಿಂತು, “ನಾಲಿಗೆಗೆ ತಾಗಿದ್ರೆ ಬಾರಯ್ಯಾ,” ಎಂದು ಕಳಿಸಿದ್ದೆ. ಅವನು ಬಂದಿರಲಿಲ್ಲ. ನನ್ನ ಕೈಕೆಲಸವನ್ನು ನಾನು ಗುರುತಿಸದೆ ಇರುತ್ತೇನೆಯೇ?

ಕೋರೆಹಲ್ಲಿನ ಬೇರು ಎಲ್ಲ ಹಲ್ಲಿಗಿಂತ ಉದ್ದ. ತಾನಾಗಿ ಬೀಳುವುದಿಲ್ಲ. ಬದುಕಿರುವವನು ನೋವಿಲ್ಲದ ಗಟ್ಟಿ ಹಲ್ಲನ್ನು ಸುಮ್ಮನೆ ಯಾರಿಗೂ ಕೀಳಲು ಬಿಡುವುದಿಲ್ಲ.

“ಯಾವಾಗ ತಂದುಕೊಟ್ಟ?” ಎಂದು ಕೇಳಿದೆ.

“ಈಸ್ಟರ್ ರಜೆ ಆಯ್ತಲ್ಲ, ಆ ವಾರದಲ್ಲೇ. ಯಾಕೆ ಡಾಕ್ಟ್ರೇ, ಏನಾಯ್ತು? ನಾಯಿದಲ್ವಾ ಅದು?”

ಅವಳು ಅರಿಯದೆ ಕೆನ್ನೆ ಮುಟ್ಟಿಕೊಂಡಳು. ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿ, ಬೈಗುಳ ಕೇಳಿ ಕಣ್ಣಲ್ಲೇ ನಗುತ್ತಿದ್ದ ಹುಡುಗ. ಅವನ ಹಲ್ಲು ಈಗ ನನ್ನ ಮುಷ್ಟಿಯಲ್ಲಿ. ಅವನು ಕದ್ದು ಓಡಿಹೋಗಿರಲಿಲ್ಲ. ಅದೊಂದು ಮಾತನ್ನು ಅವನ ಅಕ್ಕನಿಗೆ ಈಗ ಖಂಡಿತವಾಗಿ ಹೇಳಬಹುದಿತ್ತು. ಜತೆಗೆ ಹೇಳಬೇಕಾದ ಇನ್ನೊಂದು ಮಾತಿಗೆ ನನ್ನಲ್ಲಿ ಧೈರ್ಯ ಇರಲಿಲ್ಲ.

“ಅಂಕಲ್!”

ಅಡಿಗೆಮನೆಯಲ್ಲಿ ಲೋಟ ಬಿದ್ದ ಸದ್ದು. ಲವೀನಾ ಫೋನ್ ಹಿಡಿದು ಓಡಿಬಂದಳು. ಹಿಡಿಯನ್ನು ನಾನು ಕೋಟಿನ ಜೇಬಿಗೆ ಸೇರಿಸಿದೆ.

“ರಾಯ್ಸ್ಟನ್! ಈಗ, ಈಗಷ್ಟೇ ಬಂತು ನೋಡಿ! ಮೊಂಬಾಸಾದಿಂದ ಬಂದಿದ್ದಾನಂತೆ. ಎಂಬಕಸಿಯಲ್ಲಿ ಕಾರ್ಗೋ ಗೇಟಿನ ಹತ್ರ ಇದ್ದಾನಂತೆ. ‘ನಾನು ಬಂದೆ ಲವೀ, ನಿಖಿಲ್ ಜತೆ ಕೂಡಲೇ ಬಾ, ಬೇರೆ ಯಾರಿಗೂ ಹೇಳ್ಬೇಡ’ ಅಂತ ಬರೆದಿದ್ದಾನೆ. ನಾನು ಹೇಳಿದೆ ಅಲ್ವಾ ಅಂಕಲ್? ಹೇಳಿದೆ ಅಲ್ವಾ?”

ಅವಳು ಅಳುತ್ತಿದ್ದಳು, ನಗುತ್ತಿದ್ದಳು, ಫೋನಿಗೆ ಮುತ್ತು ಕೊಡುತ್ತಿದ್ದಳು.

“ಲವೀನಾ, ಸ್ವಲ್ಪ ನಿಲ್ಲಮ್ಮ. ಕೂತ್ಕೋ.”

“ಕೂತ್ಕೊಳ್ಳುದಾ? ನೀವು ನಿಧಾನ ಇಳೀರಿ, ಮಂಡಿ ನೋವುಂಟಲ್ಲ. ಒಂದು ಟ್ಯಾಕ್ಸಿ ಮಾಡ್ಕೊಂಡು ಹೋಗಿ, ಬೇಸರ ಮಾಡ್ಬೇಡಿ. ನಿಖಿಲ್ ಕೆಳಗೇ ಇದ್ದಾನಲ್ಲ, ನನಗೆಂತ ಹೆದರಿಕೆ?”

ಹೇಳಬೇಕಿತ್ತು. ಆ ಮೆಸೇಜ್ ಬರೆದವನು ನಿನ್ನ ತಮ್ಮನಲ್ಲ ಎಂದು ಬಾಗಿಲಿಗೆ ಅಡ್ಡ ನಿಂತು ಹೇಳಬೇಕಿತ್ತು. ಆದರೆ ಅವಳ ಮುಖದಲ್ಲಿದ್ದ ಆ ಸಂತೋಷದ ಎದುರು ನನ್ನ ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಅವಳ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೆಳಗೆ ಕೆಳಗೆ ಹೋಗುತ್ತಿತ್ತು.

ಯಾರೋ ಅವಳನ್ನು ಬಲೆಗೆ ಕರೆಯುತ್ತಿದ್ದಾನೆ. ಆದರೆ ಜತೆಗೆ ಗಂಡ ಇದ್ದಾನೆ, ಎಂದು ಸಮಾಧಾನ ಮಾಡಿಕೊಂಡೆ. ಅವನಿಗೆ ವಿಷಯ ತಿಳಿಸುವುದು, ಎಂಬಕಸಿಗೆ ಹೋಗದಂತೆ ತಡೆಯುವುದು, ಅವನು ಹೆಂಡತಿಯ ಕೈ ಹಿಡಿದು ಕೂತ ಮೇಲೆ ನಾನು ನಿಧಾನ ಇಳಿದು ಹೋಗಿ ಹೇಳುವುದು. ನಿಖಿಲ್‌ನ ನಂಬರ್ ಒತ್ತಿದೆ.

ಮೊದಲನೆಯ ರಿಂಗಿಗೇ ಎತ್ತಿದ. “ಹೇಳಿ ಅಂಕಲ್.”

ನಾನು ಬಾಯಿ ತೆರೆಯುವಷ್ಟರಲ್ಲಿ ಹಂಸಾ ಕರ್ಟನ್ ಸರಿಸಿದಳು. ಬಿಸಿಲು ಒಳಗೆ ನುಗ್ಗಿತು. ಅವಳು ಕೆಳಗೆ ಬಗ್ಗಿ ನೋಡಿ ನನ್ನ ತೋಳು ಹಿಡಿದಳು.

“ಡಾಕ್ಟ್ರೇ, ಬನ್ನಿ ಇಲ್ಲಿ! ಪ್ರಶಾಂತ್ ಇಲ್ಲೇ ಬಂದಿದ್ದಾರಲ್ಲ! ಅಗೋ, ಆ ಬಿಳಿ ಕಾರಿನ ಹತ್ರ. ಫೋನಲ್ಲಿ ಮಾತಾಡ್ತಾ ಇದ್ದಾರೆ ನೋಡಿ, ಅವ್ರೇ.”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಈಸ್ಟರ್ ದಿನ ಆ ಊಟದ ಮೇಜಿನಲ್ಲಿ ಚಿನ್ನ ಮಂಕಾದ ಮಾತು ಕೇಳಿದವರು ಮನೆಯವರು ಮಾತ್ರ. ರಾಯ್ಸ್ಟನ್‌ನ ಬೀಗದ ಕೈ ಮನೆಯಲ್ಲೇ ಕೈಗೆಟಕುತ್ತಿದ್ದವನೂ, ಯಾವ ಪೆಟ್ಟಿಗೆ ಯಾವ ವಿಮಾನಕ್ಕೆ ಎಂಬುದು ಬಾಯಿಪಾಠ ಇದ್ದವನೂ ಆ ಮೇಜಿನಲ್ಲೇ ಕೂತಿದ್ದ.

ಕೆಳಗೆ ಲವೀನಾ ಗೇಟು ದಾಟಿ ಓಡಿದಳು. ಕಿಟಕಿಯ ಸರಳುಗಳ ನಡುವೆ ಮುಖ ಒತ್ತಿ ಕೂಗಿದೆ. ಮಟಾಟುಗಳ ಹಾರ್ನಿನಲ್ಲಿ ಅವಳಿಗೆ ತನ್ನ ಹೆಸರು ಕೂಗಿದ್ದಷ್ಟೇ ಕೇಳಿಸಿರಬೇಕು. ತಲೆಯೆತ್ತಿ ನಕ್ಕಳು, ಎರಡೂ ಕೈ ಬೀಸಿದಳು, ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

ನಿಖಿಲ್ ನಿಂತಲ್ಲೇ ನಿಂತಿದ್ದ. ಫೋನ್ ಕಿವಿಗಿಟ್ಟುಕೊಂಡೇ ನಿಧಾನವಾಗಿ ಮುಖವೆತ್ತಿ ನಮ್ಮ ಕಿಟಕಿಯನ್ನು ನೋಡಿದ. ಹಂಸಾಳನ್ನು ನೋಡಿದ, ಆಮೇಲೆ ನನ್ನನ್ನು.

“ಅಂಕಲ್,” ಅಂದ ನನ್ನ ಕಿವಿಯಲ್ಲಿ, ಅದೇ ಮರ್ಯಾದೆಯ ಧ್ವನಿಯಲ್ಲಿ. “ಲವೀನಾ ನನ್ನ ಜತೆ ಇದ್ದಾಳೆ. ಈಗ ಹೇಳಿ, ಮೇಲೆ ಎಂತಾದ್ರೂ ಸಿಕ್ಕಿತಾ?”